ಸಬ್ಸಿಸ್ಟೆನ್ಸ್ ಅಂದರೆ ಹೊಟ್ಟೆಪಾಡಲ್ಲ

ಅಮೆರಿಕದ ಅಲಾಸ್ಕಾ ರಾಜ್ಯದ ತಿಮಿಂಗಿಲ ಬೇಟೆಯ ಬಗ್ಗೆ ಕನ್ನಡದಲ್ಲಿ ಏನೇ ಬಂದರೂ ಅದೇ ಸಾಲು: ಪಾಪ, ಬೇರೆ ಗತಿಯಿಲ್ಲದೆ ಹೊಟ್ಟೆಪಾಡಿಗೆ ಬೇಟೆಯಾಡುವ ಜನ. ಮೊನ್ನೆ ಮತ್ತೆ ಓದಿದೆ. ಸಾಕಾಯಿತು.

ಆ ಬೇಟೆಗೆ ಇಂಗ್ಲಿಷಿನಲ್ಲಿ ಸಬ್ಸಿಸ್ಟೆನ್ಸ್ ಬೇಟೆ ಅನ್ನುತ್ತಾರೆ. ಅದನ್ನು ಹೊಟ್ಟೆಪಾಡು ಅಂದುಕೊಳ್ಳುವ ತಪ್ಪಿಗೆ ಕಾರಣವೂ ಇದೆ. ಸಬ್ಸಿಸ್ಟೆನ್ಸ್ ನಮಗೆ ಪರಿಚಯವಾಗಿದ್ದೇ ಕೊರತೆಯ ಜೊತೆ. ಶಾಲೆಯ ಭೂಗೋಳದಲ್ಲಿ ಜೀವನಾಧಾರ ಬೇಸಾಯ ಅಂದರೆ ಮಾರಲು ಹೆಚ್ಚೇನೂ ಮಿಗದ ಬೇಸಾಯ. ಸಸ್ಪೆಂಡ್ ಆದ ಸರ್ಕಾರಿ ನೌಕರರಿಗೆ ಪೂರ್ತಿ ಸಂಬಳದ ಬದಲು ಸಿಗುವುದು ಜೀವನಾಧಾರ ಭತ್ಯೆ. ಆದರೆ ಲ್ಯಾಟಿನ್ ಮೂಲದಲ್ಲಿ ಹಸಿವೂ ಇಲ್ಲ, ಬಡತನವೂ ಇಲ್ಲ. ಸುಬ್ಸಿಸ್ತೆರೆ ಅಂದರೆ ನಿಲ್ಲು, ಕದಲದೆ ನಿಲ್ಲು. ಇಂಗ್ಲಿಷಿಗೆ ಬಂದಾಗಲೂ ಮೊದಲು ಇದ್ದದ್ದು 'ಇರುವಿಕೆ' ಅನ್ನುವ ಅರ್ಥ. ಬದುಕಲು ಬೇಕಾದಷ್ಟು ಅನ್ನುವುದು ಆಮೇಲೆ ಸೇರಿಕೊಂಡಿತು.

ಅಲಾಸ್ಕಾದಲ್ಲಿ ಇದು ಕಾನೂನಿನ ಪದ. 1980ರ ಫೆಡರಲ್ ಕಾಯ್ದೆಯ ವ್ಯಾಖ್ಯೆಯಲ್ಲಿ ಹಳ್ಳಿಗಾಡಿನವರು ವಾಡಿಕೆಯಂತೆ ಮನೆಬಳಕೆಗೆ ತರುವ ಆಹಾರ, ಬಟ್ಟೆ, ಉರುವಲು, ಸಲಕರಣೆ ಎಲ್ಲ ಇದೆ. ಹಂಚಿಕೊಳ್ಳುವುದೂ ಅದೇ ವ್ಯಾಖ್ಯೆಯೊಳಗೇ ಇದೆ. ಬಡವರಾಗಿರಬೇಕು ಅನ್ನುವ ಷರತ್ತು ಅದರಲ್ಲಿಲ್ಲ. ಹಂಚಿಕೆಯನ್ನೇ ಬಿಟ್ಟು ಈ ಪದವನ್ನು ವಿವರಿಸುತ್ತಾರಲ್ಲ, ನನ್ನ ತಕರಾರು ಅದು.

ಉತ್ತರ ತುದಿಯ ಉಟ್ಕಿಯಾಗ್ವಿಕ್ ನೋಡಿ, 2016ರವರೆಗೆ ಬ್ಯಾರೋ ಅಂತಿದ್ದ ಊರು. ಅಲ್ಲಿನ ಮೂಲನಿವಾಸಿಗಳಾದ ಇನ್ಯೂಪಿಯಾಟ್ ಜನ ವಸಂತದಲ್ಲಿ ಸಮುದ್ರದ ಮೇಲೆ ಹೆಪ್ಪುಗಟ್ಟಿದ ಹಿಮದ ಅಂಚಿನಿಂದ ಬೋಹೆಡ್ ತಿಮಿಂಗಿಲ ಹಿಡಿಯುತ್ತಾರೆ. ಅದನ್ನು ಹಿಮದ ಮೇಲೆ ಎಳೆದು ಹಾಕಲು ಒಂದು ತಂಡದ ಕೈಲಿ ಆಗುವುದಿಲ್ಲ, ಊರೇ ಹಗ್ಗ ಹಿಡಿಯಬೇಕು. ನೆರವಿಗೆ ಬಂದ ತಂಡಗಳಿಗೆಲ್ಲ ಪಾಲಿದೆ. ತಂಡದ ಯಜಮಾನ, ಅಂದರೆ ಉಮಿಯಾಲಿಕ್, ಮನೆಯ ಮೇಲೆ ಬಾವುಟ ಏರಿಸಿ ಊರಿಗೆಲ್ಲ ಊಟ ಹಾಕುತ್ತಾನೆ. ಜೂನ್‌ನ ನಲುಕಟಕ್ ಹಬ್ಬದಲ್ಲಿ ಜನ ಸುತ್ತಲೂ ಕೂತರೆ ತಂಡದವರು ಮಕ್ತಕ್, ಅಂದರೆ ಕೊಬ್ಬಿನ ಸಮೇತ ಇರುವ ತೊಗಲು, ಬಡಿಸುತ್ತಾ ಬರುತ್ತಾರೆ. ತಿಂದು ಮಿಕ್ಕಿದ್ದನ್ನು ಮನೆಗೆ ಒಯ್ಯಲು ಡಬ್ಬಿ, ಚೀಲ ತಂದಿರುತ್ತಾರೆ, ಅದರಲ್ಲಿ ಸಂಕೋಚ ಏನಿಲ್ಲ. ಹುಡುಗನೊಬ್ಬ ಮೊದಲ ಸಲ ಹೊಡೆದ ಬೇಟೆಯನ್ನು ಮನೆಯಲ್ಲಿಟ್ಟುಕೊಳ್ಳುವುದಿಲ್ಲ, ಹಿರಿಯರಿಗೆ ಕೊಡುವುದು ಪದ್ಧತಿ.

ಇನ್ನು ಗತಿಯಿಲ್ಲದವರ ಬೇಟೆ ಅನ್ನುವ ಮಾತು. ದೋಣಿ, ಸ್ನೋಮೊಬೈಲ್, ಪೆಟ್ರೋಲ್, ತಂಡದ ಊಟ, ಎಲ್ಲಕ್ಕೂ ದುಡ್ಡು ಬೇಕು, ಅಷ್ಟು ದೂರದ ಊರಲ್ಲಿ ಪೆಟ್ರೋಲ್ ಬೆಲೆ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಹಾಗಾಗಿ ಸಂಬಳ ಬರುವ ಮನೆಗಳೇ ಎಷ್ಟೋ ಸಲ ಜಾಸ್ತಿ ಬೇಟೆಗೆ ಹೋಗುತ್ತವೆ. ಅಲಾಸ್ಕಾದ ಹಳ್ಳಿಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಲೆಕ್ಕ ಇದು: ಸುಮಾರು ಶೇ. 30ರಷ್ಟು ಮನೆಗಳು ಊರಿನ ಶೇ. 70ರಷ್ಟು ಮಾಂಸ, ಮೀನು ತರುತ್ತವೆ. ಉಳಿದವರ ಮನೆಗೆ ಅದು ಹಂಚಿಕೆಯಲ್ಲಿ ತಲುಪುತ್ತದೆ. ವಯಸ್ಸಾದವರು, ಒಂಟಿಯಾಗಿ ಮಕ್ಕಳನ್ನು ಸಾಕುವವರು, ಎಲ್ಲರೂ ಇದರಲ್ಲಿ ಬಂದರು.

ಇದಕ್ಕೆ ಉಲ್ಟಾ ತಪ್ಪೂ ಒಂದಿದೆ. ಬೋಹೆಡ್ ಮಾಂಸ ಮಾರುವಂತಿಲ್ಲ. ಎಲುಬು, ಬಲೀನ್‌ನಿಂದ (ತಿಮಿಂಗಿಲದ ಬಾಯಲ್ಲಿ ಹಲ್ಲಿನ ಬದಲು ಇರುವ ಜರಡಿಯಂಥ ಪಟ್ಟಿ) ಅಲ್ಲಿನ ಮೂಲನಿವಾಸಿಗಳು ಮಾಡಿದ ಕರಕುಶಲ ವಸ್ತು ಮಾರಬಹುದು, ಅಷ್ಟೆ. ಅಂಗಡಿಯಲ್ಲಿ ಒಂದು ಬಲೀನ್ ಬುಟ್ಟಿ ಕಂಡಿದ್ದಕ್ಕೆ ಇದು ವ್ಯಾಪಾರದ ಬೇಟೆ ಅಂತ ಸುಮ್ನೆ ಬರೆಯಬೇಡಿ.