ಹಳೇ ಪರ್ಫಾರ್ಮೆನ್ಸ್ ಕಾರಿನ ಮುಂದಿನ ಸಸ್ಪೆನ್ಶನ್: ಮೊದಲು ಬುಷ್, ಆಮೇಲೆ ಡ್ಯಾಂಪರ್, ತಗ್ಗಿಸೋ ಮಾತು ಕೊನೆಗೆ

ಹಳೇ ಪರ್ಫಾರ್ಮೆನ್ಸ್ ಕಾರು ತಗೊಂಡವರು ಬಂದು ಕೇಳೋ ಮೊದಲ ಪ್ರಶ್ನೆ, ಯಾವ ಕಾಯ್ಲೋವರ್ (ಎತ್ತರ ಹೊಂದಿಸೋಕೆ ಬರೋ ಸ್ಪ್ರಿಂಗ್ ಮತ್ತು ಡ್ಯಾಂಪರ್, ಅಂದ್ರೆ ಶಾಕ್ ಅಬ್ಸಾರ್ಬರ್, ಸೆಟ್) ಹಾಕಿಸ್ಲಿ ಅಂತ. ನಾನು ಮೊದಲು ಕಾರನ್ನ ಲಿಫ್ಟ್ ಮೇಲೆ ಏರಿಸ್ತೀನಿ. ಇಪ್ಪತ್ತು ಮೂವತ್ತು ವರ್ಷ ಆದ್ಮೇಲೆ ಆ ಕಾರು ಹೊಸದ್ರಲ್ಲಿ ಹೇಗಿತ್ತು ಅಂತ ಓಡಿಸಿದ್ರೆ ಗೊತ್ತಾಗೋದೇ ಇಲ್ಲ, ಚಕ್ರವನ್ನ ಬಾಡಿಗೆ ಜೋಡಿಸೋ ಲೋವರ್ ಆರ್ಮಿನ ಬುಷ್ (ಕೀಲಲ್ಲಿರೋ ರಬ್ಬರ್) ಸೀಳಿರುತ್ತೆ, ಆರ್ಮಿನ ಹೊರತುದಿಯ ಬಾಲ್ ಜಾಯಿಂಟ್‌ನಲ್ಲಿ ಪ್ಲೇ (ಸಡಿಲ) ಬಂದಿರುತ್ತೆ, ಸ್ಟ್ರಟ್ (ಸ್ಪ್ರಿಂಗ್, ಡ್ಯಾಂಪರ್ ಸೇರಿದ ಕಂಬ) ಮೇಲಿನ ಮೌಂಟ್ ಕುಸಿದಿರುತ್ತೆ. ಬ್ರೇಕ್ ಹೊಡೆದಾಗ ಆರ್ಮ್ ಹಿಂದಕ್ಕೆ ಸರಿದು ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಬದಲಾಗ್ತಿದ್ರೆ ಎಷ್ಟೇ ದುಬಾರಿ ಡ್ಯಾಂಪರ್ ಕೂರಿಸಿ, ಸ್ಟೀರಿಂಗ್ ಎಳೆದಾಡೋದು ನಿಲ್ಲಲ್ಲ.

ಬುಷ್‌ಗೆ ರಬ್ಬರ್ ಬದಲು ಅದಕ್ಕಿಂತ ಗಟ್ಟಿ ಇರೋ ಪಾಲಿಯುರೆಥೇನ್ ಹಾಕ್ಬಹುದಾ? ಒಂದೇ ಅಕ್ಷದಲ್ಲಿ ತಿರುಗೋ ಜಾಗಕ್ಕೆ ಗ್ರೀಸ್ ಹಚ್ಚಿ ಧಾರಾಳವಾಗಿ ಹಾಕಿ. ಆದ್ರೆ ಆರ್ಮ್ ನಾಲ್ಕು ಕಡೆ ತಿರುಚಬೇಕಾದ ಜಾಗದಲ್ಲಿ ಅದು ಬಿಗಿ ಹಿಡ್ಕೊಳ್ಳುತ್ತೆ, ಅಲ್ಲಿಗೆ ಹೊಸ ಒರಿಜಿನಲ್ ರಬ್ಬರೇ ವಾಸಿ. ರಬ್ಬರ್ ಹಾಕಿದ್ರೆ ಇನ್ನೊಂದು ಮಾತು ನೆನಪಿಡಿ, ಚಕ್ರ ಜೋತಾಡ್ತಿರುವಾಗ ಬೋಲ್ಟ್ ಕೊನೇ ಟೈಟ್ ಮಾಡ್ಬೇಡಿ. ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೇನೇ ಟಾರ್ಕ್ ಕೊಡ್ಬೇಕು, ಇಲ್ಲಾಂದ್ರೆ ಕಾರು ಸುಮ್ನೆ ನಿಂತಿದ್ರೂ ಆ ರಬ್ಬರ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿದುಹೋಗುತ್ತೆ. ಹೊಸ ಬುಷ್ ಬೇಗ ಹೋಯ್ತು ಅಂತ ಬರೋ ಎಷ್ಟೋ ಕಾರಲ್ಲಿ ಕಾರಣ ಇಷ್ಟೇ.

ಇಷ್ಟಾದ್ಮೇಲೆ ಡ್ಯಾಂಪರ್. ಸ್ಪ್ರಿಂಗ್ ಮೊದಲು ಬದಲಾಯಿಸಿ ಡ್ಯಾಂಪರ್ ಆಮೇಲೆ ನೋಡೋಣ ಅನ್ನೋರು ಜಾಸ್ತಿ, ಸ್ಪ್ರಿಂಗ್ ಅಗ್ಗ ಅಲ್ವಾ. ಆದ್ರೆ ಸ್ಪ್ರಿಂಗ್ ಎರಡು ಪಟ್ಟು ಗಟ್ಟಿ ಆದ್ರೆ ಮೊದಲಿನಷ್ಟೇ ಹಿಡಿತಕ್ಕೆ ಡ್ಯಾಂಪಿಂಗ್ ಸುಮಾರು 1.4 ಪಟ್ಟು ಬೇಕು, ಸುಸ್ತಾದ ಹಳೇ ಶಾಕ್ ಮೊದಲಿನ ಮೆತ್ತನೆ ಸ್ಪ್ರಿಂಗನ್ನೇ ತಡೀತಿರಲಿಲ್ಲ, ಇದನ್ನ ಎಲ್ಲಿಂದ ತಡೆಯುತ್ತೆ, ಕಾರು ಉಬ್ಬು ದಾಟಿದ ಮೇಲೂ ಕುಣೀತಾನೇ ಇರುತ್ತೆ.

ಸ್ಪ್ರಿಂಗ್ ಎಷ್ಟು ಗಟ್ಟಿ ಬೇಕು ಅನ್ನೋಕೆ ಬಾಕ್ಸ್ ಮೇಲಿನ ನಂಬರ್ ನೋಡಿದ್ರೆ ಸಾಲದು, ಚಕ್ರದ ಹತ್ರ ಎಷ್ಟು ಬೀಳುತ್ತೆ ಅನ್ನೋದು ಮುಖ್ಯ. ಸ್ಟ್ರಟ್ ಕಾರಲ್ಲಿ ಎರಡೂ ಹೆಚ್ಚು ಕಮ್ಮಿ ಒಂದೇ. ಡಬಲ್ ವಿಶ್‌ಬೋನ್‌ನಲ್ಲಿ (ಮೇಲೊಂದು ಕೆಳಗೊಂದು ಆರ್ಮ್ ಇರೋದು) ಮೋಷನ್ ರೇಶಿಯೋ (ಚಕ್ರ ಏಳೋದಕ್ಕೆ ಹೋಲಿಸಿದ್ರೆ ಸ್ಪ್ರಿಂಗ್ ಕುಗ್ಗೋ ಪ್ರಮಾಣ) 0.7 ಇದ್ರೆ ಅದರ ವರ್ಗ 0.49, ಅಂದ್ರೆ ಸ್ಪ್ರಿಂಗಿನ ಅರ್ಧದಷ್ಟೇ ಚಕ್ರಕ್ಕೆ ಸಿಗೋದು, ಹಾಗಾಗಿ ಡಬಲ್ ವಿಶ್‌ಬೋನ್ ಇರೋ ಮಾಜ್ದಾ ಎಂಎಕ್ಸ್-5ನವರ ನಂಬರ್ ನೋಡಿ ಸ್ಟ್ರಟ್ ಇರೋ ಬಿಎಂಡಬ್ಲ್ಯೂ ಇ36ಗೆ ಸ್ಪ್ರಿಂಗ್ ತರಿಸ್ಬೇಡಿ. ಒಂದು ಮೂಲೆಯ ಮೇಲೆ 300 ಕೆಜಿ, ಚಕ್ರದ ಹತ್ರ ಮಿಲಿಮೀಟರಿಗೆ 30 ನ್ಯೂಟನ್ ಅಂತಿಟ್ಕೊಳ್ಳಿ, ಕಾರು ಸ್ಪ್ರಿಂಗ್ ಮೇಲೆ ಮೇಲೆ ಕೆಳಗೆ ಆಡೋ ಫ್ರೀಕ್ವೆನ್ಸಿ ಸುಮಾರು 1.6 ಹರ್ಟ್ಜ್ ಬರುತ್ತೆ, ರಸ್ತೆ ಮೇಲೆ ಚುರುಕಾಗಿ ಓಡ್ಸೋಕೆ ಒಳ್ಳೇ ಜಾಗ. ಅದನ್ನೇ 60 ಮಾಡಿದ್ರೆ 2.25, ನುಣುಪಾದ ಟ್ರ್ಯಾಕಲ್ಲಿ ಸರಿ, ಹದಗೆಟ್ಟ ರಸ್ತೇಲಿ ಟೈರ್ ನೆಲ ಬಿಟ್ಟು ಹಾರ್ತಿರುತ್ತೆ.

ಈಗ ತಗ್ಗಿಸೋ ವಿಷಯ, ನನಗೂ ಕಸ್ಟಮರ್‌ಗಳಿಗೂ ಜಗಳ ಆಗೋದೇ ಇಲ್ಲಿ. ಬಿಎಂಡಬ್ಲ್ಯೂ ಇ30, ಇ36, ಪೋರ್ಷೆ 944, ಹಳೇ ಸುಬಾರು ಇಂಪ್ರೆಜಾ, ಇವೆಲ್ಲದರ ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಇಂಥ ಕಾರನ್ನ ಜಾಸ್ತಿ ತಗ್ಗಿಸಿದಾಗ ಲೋವರ್ ಆರ್ಮಿನ ಒಳತುದಿ ಬಾಡಿ ಜೊತೆ ಇಳಿಯುತ್ತೆ, ಹೊರತುದಿ ಚಕ್ರದ ಹತ್ರ ಇದ್ದಲ್ಲೇ ಇರುತ್ತೆ, ಹೊರಕ್ಕೆ ಇಳಿಜಾರಾಗಿದ್ದ ಆರ್ಮ್ ಸಮ ಆಗಿ ಕೊನೆಗೆ ಮೇಲಕ್ಕೆ ಮುಖ ಮಾಡುತ್ತೆ. ಆಗ ರೋಲ್ ಸೆಂಟರ್ (ತಿರುವಲ್ಲಿ ಕಾರು ಯಾವುದರ ಸುತ್ತ ವಾಲುತ್ತೋ ಆ ಬಿಂದು), ಕಾರಿನ ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗೆ ಬೀಳುತ್ತೆ, ಎರಡರ ಮಧ್ಯದ ಅಂತರ ಹೆಚ್ಚುತ್ತೆ, ಆ ಅಂತರವೇ ಕಾರನ್ನ ವಾಲಿಸೋ ಸನ್ನೆ. ಅಂದ್ರೆ ಹೊಸ ಗಟ್ಟಿ ಸ್ಪ್ರಿಂಗಿನ ಒಂದಷ್ಟು ಶಕ್ತಿ ನೀವೇ ತಂದ್ಕೊಂಡ ವಾಲಾಟ ತಡೆಯೋಕೇ ಖರ್ಚಾಗುತ್ತೆ. ಆರ್ಮ್ ಸ್ಟ್ರಟ್‌ಗೆ ಲಂಬ ಆಗೋ ಹಂತ ದಾಟಿದ್ರೆ ಚಕ್ರ ಮೇಲೆದ್ದಾಗ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲೋ ಕೋನ) ಸಿಗೋ ಬದಲು ಕಳೆದುಹೋಗುತ್ತೆ. ಟೈ ರಾಡ್ (ಸ್ಟೀರಿಂಗಿಂದ ಚಕ್ರ ತಿರುಗಿಸೋ ಕಡ್ಡಿ) ಕೋನ ಆರ್ಮ್ ಜೊತೆ ಹೊಂದದೇ ಇದ್ರೆ ಬಂಪ್ ಸ್ಟೀರ್, ಸ್ಟೀರಿಂಗ್ ನೆಟ್ಟಗೆ ಹಿಡಿದಿದ್ರೂ ಪ್ರತಿ ಉಬ್ಬಿಗೂ ಚಕ್ರ ತಾನೇ ತಿರುಗುತ್ತೆ. ಅಷ್ಟರಲ್ಲಿ ಟ್ರಾವೆಲ್ (ಸಸ್ಪೆನ್ಶನ್ ಆಡೋ ಜಾಗ) ಕೂಡ ಕಮ್ಮಿ ಆಗಿರುತ್ತೆ, ತಿರುವಿನ ಮಧ್ಯೆ ಬಂಪ್ ಸ್ಟಾಪ್ (ಕೊನೇಲಿ ತಡೆಯೋ ತುಂಡು) ಮೇಲೆ ಕೂತ ತಕ್ಷಣ ಮುಂದಿನ ಹೊರಗಿನ ಟೈರ್ ಮೇಲೆ ಭಾರ ದಿಢೀರ್ ಬಿದ್ದು ಕಾರು ತಿರುಗದೆ ನೆಟ್ಟಗೆ ಹೋಗುತ್ತೆ. ಜನ ಇದನ್ನ ಅಂಡರ್‌ಸ್ಟೀರ್ ಅಂತ ಬೈದು ಟೈರ್ ಬದಲಾಯಿಸ್ತಾರೆ.

ತಗ್ಗಿಸಲೇಬೇಕಾ, ಆರ್ಮ್ ಹೊರಕ್ಕೆ ಇಳಿಜಾರಾಗಿ ಉಳಿಯೋವಷ್ಟಕ್ಕೆ ನಿಲ್ಸಿ. ಇನ್ನೂ ಬೇಕಂದ್ರೆ ಬಾಲ್ ಜಾಯಿಂಟನ್ನ ಕೆಳಗಿಳಿಸೋ ರೋಲ್ ಸೆಂಟರ್ ಕಿಟ್ ಮತ್ತು ಅದಕ್ಕೆ ತಕ್ಕ ಟೈ ರಾಡ್ ಎಂಡ್ ಎರಡೂ ಒಟ್ಟಿಗೆ ಹಾಕಿಸಿ, ಒಂದು ಹಾಕಿ ಇನ್ನೊಂದು ಬಿಟ್ರೆ ಬಂಪ್ ಸ್ಟೀರ್ ಇನ್ನೂ ಕೆಡಬಹುದು.

ಆಂಟಿ ರೋಲ್ ಬಾರ್ (ಎಡ ಬಲ ಚಕ್ರದ ಸಸ್ಪೆನ್ಶನ್ ಜೋಡಿಸಿ ವಾಲಾಟ ತಡೆಯೋ ಕಂಬಿ) ಮಾತ್ರ ಕಮ್ಮಿ ಖರ್ಚಲ್ಲಿ ಜಾಸ್ತಿ ಕೆಲಸ ಮಾಡೋ ಐಟಂ. ಅದರ ಗಟ್ಟಿತನ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತೆ, 22 ಮಿಮೀ ಇದ್ದದ್ದು 24 ಆದ್ರೆ ಸುಮಾರು 40% ಜಾಸ್ತಿ. ಮುಂದೆ ದಪ್ಪ ಬಾರ್ ಅಂದ್ರೆ ಅಂಡರ್‌ಸ್ಟೀರ್ ಅಂತ ಎಲ್ರೂ ಹೇಳ್ತಾರೆ, ಲೆಕ್ಕದ ಪ್ರಕಾರ ಹೌದು, ಆದ್ರೆ ಸ್ಟ್ರಟ್ ಕಾರಲ್ಲಿ ವಾಲೋದು ಕಮ್ಮಿ ಆದ್ರೆ ಕ್ಯಾಂಬರ್ ಉಳಿಯುತ್ತೆ, ಮೆತ್ತನೆ ಸ್ಪ್ರಿಂಗ್ ಇರೋ ಎಷ್ಟೋ ಕಾರಲ್ಲಿ ಅದರಿಂದಾನೇ ಮುಂದಿನ ಗ್ರಿಪ್ ಹೆಚ್ಚಿದ್ದೂ ಇದೆ. ಎರಡು ಸ್ಟ್ರಟ್‌ಗಳ ಮೇಲ್ತುದಿ ಜೋಡಿಸೋ ಸ್ಟ್ರಟ್ ಬ್ರೇಸ್ ಕೊನೆಗೆ ನೋಡಿ, ಹೆಚ್ಚಿನ ಕಾರಲ್ಲಿ ಬಾನೆಟ್ ತೆಗೆದಾಗ ಚೆಂದ ಕಾಣೋದೇ ಅದರ ದೊಡ್ಡ ಲಾಭ.

ಇಷ್ಟೆಲ್ಲಾ ಹಾಕಿಸಿ ಅಲೈನ್‌ಮೆಂಟ್‌ಗೆ ಜಿಪುಣತನ ಮಾಡೋರಿದ್ದಾರೆ ನೋಡಿ. ರಸ್ತೆಗೂ ಆಗಾಗ ಟ್ರ್ಯಾಕಿಗೂ ಹೋಗೋ ಕಾರಿಗೆ ನಾನು ಮುಂದೆ ಮೈನಸ್ ಒಂದೂವರೆಯಿಂದ ಎರಡು ಡಿಗ್ರಿ ಕ್ಯಾಂಬರ್, ಟೋ ಹೆಚ್ಚು ಕಮ್ಮಿ ಸೊನ್ನೆಯಿಂದ ಶುರು ಮಾಡ್ತೀನಿ, ಅಲೈನ್‌ಮೆಂಟ್ ಮಾಡೋವಾಗ ಡ್ರೈವರ್ ಸೀಟಲ್ಲಿ ನಿಮ್ಮಷ್ಟೇ ತೂಕದ ಮೂಟೆ ಇಡಿ, ಟ್ಯಾಂಕ್ ಅರ್ಧ ತುಂಬಿರ್ಲಿ.