ಹೊಂಗೆ ಎಲೆ ಉದುರುವುದು ಯಾವ ಪುಟದಲ್ಲಿ?

ಮಕ್ಕಳ ಗ್ರಂಥಾಲಯಕ್ಕೆ ಬರುವ ಅಪ್ಪ ಅಮ್ಮಂದಿರು ಪದೇಪದೇ ಕೇಳುತ್ತಾರೆ: "ಮೇಡಂ, ಋತುಗಳ ಬಗ್ಗೆ ಒಳ್ಳೇ ಚಿತ್ರಪುಸ್ತಕ ಇದೆಯಾ?" ಕಪಾಟಿನಲ್ಲಿ ಅಂಥವಕ್ಕೆ ಬರವಿಲ್ಲ. ಆದರೆ ಬಹುಪಾಲು ಪುಸ್ತಕಗಳು ಹಿಮ ಬೀಳುವ ದೇಶಗಳವು. ಚಿತ್ರಗಳು ಚೆಂದ, ಮಕ್ಕಳಿಗೂ ಇಷ್ಟ, ಧಾರಾಳವಾಗಿ ಕೊಡಿ. ಬರೀ ಅವನ್ನೇ ಓದಿದ ಮಗು ಮಾತ್ರ, ಮರ ಎಲೆ ಉದುರಿಸುವುದು ಚಳಿಗೆ ಎಂದುಕೊಂಡುಬಿಡುತ್ತದೆ.

ನಮ್ಮ ಬೀದಿಯ ಹೊಂಗೆ ಎಲೆ ಉದುರಿಸುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಬಿಸಿಲು ಏರತೊಡಗಿದಾಗ. ನಮ್ಮಲ್ಲಿನ ಇಂಥ ಮರಗಳಿಗೆ ಮುಖ್ಯ ಸಮಸ್ಯೆ ಚಳಿಯಲ್ಲ, ನೀರು. ಒಣಗಾಲದಲ್ಲಿ ಎಲೆಯ ಮೂಲಕ ಆವಿಯಾಗುವ ನೀರನ್ನು ಉಳಿಸಲು ಎಲೆಯನ್ನೇ ಬಿಟ್ಟುಕೊಡುತ್ತವೆ. ಹೊಂಗೆಯಂತೂ ಮಳೆಗೂ ಕಾಯದೆ, ನಡುಬೇಸಿಗೆಯಲ್ಲೇ ಎಣ್ಣೆ ಹಚ್ಚಿದಂತೆ ಮಿನುಗುವ ಚಿಗುರು ಬಿಡುತ್ತದೆ. ಆಮೇಲೆ ನಸುಗೆಂಪು ಹೂ ನೆಲ ಮುಚ್ಚುತ್ತದೆ. ಅಷ್ಟರಲ್ಲಿ ಎಲೆಯೊಳಗೆ ಸುರಂಗ ಕೊರೆಯುವ ಪುಟ್ಟ ಹುಳು ಸೇರಿಕೊಂಡು ಅಲ್ಲಲ್ಲಿ ಬಿಳಿ ಮಚ್ಚೆ ಮೂಡಿಸಿರುತ್ತದೆ. ಒಂದೇ ಮರದಲ್ಲಿ ಇಷ್ಟು ಕತೆ!

ಹಾಗಾಗಿ ಪುಸ್ತಕ ಆರಿಸುವಾಗ ನಾನು ಮೊದಲು ನೋಡುವುದು, ಪುಟದಿಂದ ಪುಟಕ್ಕೆ ಅದೇ ಮರ, ಅದೇ ಅಂಗಳ, ಅದೇ ಕೆರೆ ಮರಳಿ ಬರುತ್ತದೆಯೇ ಎಂದು. ಜಾಗ ಬದಲಾಗದಿದ್ದರೆ ತಾನೇ ಕಾಲ ಬದಲಾದದ್ದು ಮಗುವಿನ ಕಣ್ಣಿಗೆ ಬೀಳುವುದು? ಇನ್ನೊಂದು, ಚಿತ್ರದಲ್ಲಿರುವುದನ್ನೆಲ್ಲ ಅಕ್ಷರದಲ್ಲೂ ಬರೆದಿರಬಾರದು. ಗೂಡು ಖಾಲಿಯಾದದ್ದನ್ನು ಮಗುವೇ ಕಂಡುಹಿಡಿಯಲಿ. ಓದಿಸುವವರೂ ಅಷ್ಟೆ, "ಈ ಹಕ್ಕಿ ಹೆಸರೇನು ಹೇಳು ಪುಟ್ಟಾ" ಎಂದು ಪರೀಕ್ಷೆ ಶುರುಮಾಡುವ ಬದಲು "ಹಿಂದಿನ ಪುಟದಲ್ಲಿ ಹೀಗೇ ಇತ್ತಾ?" ಎಂದು ಕೇಳಿ ಸುಮ್ಮನಿರಿ. ಸುಮ್ಮನಿರುವುದೇ ದೊಡ್ಡವರಿಗೆ ಕಷ್ಟ.

ನಮ್ಮ ಮಳೆ ನಕ್ಷತ್ರಗಳನ್ನು ಹಿಡಿದು ಮಾಡಿದ ಚಿತ್ರಪುಸ್ತಕ ಮಾತ್ರ ನನಗಿನ್ನೂ ಸಿಕ್ಕಿಲ್ಲ. ಏಪ್ರಿಲ್ ನಡುವಿನ ಅಶ್ವಿನಿಯಿಂದ ಹಿಡಿದು ಭರಣಿ, ಕೃತ್ತಿಕೆ, ರೋಹಿಣಿ, ಜೂನ್ ಮೊದಲ ವಾರ ದಾಟಿದೊಡನೆ ಮೃಗಶಿರ, ಆಮೇಲೆ ಆರಿದ್ರಾ: ಒಂದೊಂದೂ 13-14 ದಿನ. "ಭರಣಿ ಮಳೆ ಧರಣಿ ಬೆಳೆ" ಎನ್ನುವ ಅಜ್ಜಿಯ ಬಾಯಲ್ಲಿ ಪುಸ್ತಕದ ಅರ್ಧ ಪಠ್ಯ ಆಗಲೇ ಸಿದ್ಧವಿದೆ. ಯಾರಾದರೂ ಚಿತ್ರಕಾರರು ಕೈಹಾಕಬಾರದೇ?

ಅಲ್ಲಿಯತನಕ, ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಇಲ್ಲವೇ ಮನೆಯಲ್ಲೇ ಒಂದು ಮಾಡಿ. ವಾರಕ್ಕೊಮ್ಮೆ ಅದೇ ಮರದ ಚಿತ್ರ, ಮೂಲೆಯಲ್ಲಿ ತಾರೀಖು. ಸೀಸನ್‌ವಾಚ್ ಯೋಜನೆಯವರು ದೇಶದ ಹಲವೆಡೆ ಶಾಲಾಮಕ್ಕಳಿಂದ ಮಾಡಿಸುವುದೂ ಹೆಚ್ಚುಕಡಿಮೆ ಇದನ್ನೇ. ವಾರವಾರ ಒಂದೇ ಮರವನ್ನು ನೋಡಿ, ಚಿಗುರು, ಹೂ, ಕಾಯಿ ಇಲ್ಲವೋ, ಸ್ವಲ್ಪವೋ, ತುಂಬಾ ಇದೆಯೋ ಎಂದು ಗುರುತು ಹಾಕಿಕೊಳ್ಳುವುದು.

ಅಪಾರ್ಟ್‌ಮೆಂಟ್‌ನಲ್ಲಿ ಮರವೆಲ್ಲಿ ಎನ್ನುವವರಿಗೆ ಕುಂಡದ ಕರಿಬೇವು ಸಾಕು. ಎರಿಕ್ ಕಾರ್ಲ್ ಅವರ 1969ರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಪುಸ್ತಕವನ್ನು ಗಿಡದ ಪಕ್ಕದಲ್ಲೇ ಕುಳಿತು ಓದಿ. ಅದರಲ್ಲಿನ ಹುಳು ಸೇಬು, ಕಿತ್ತಳೆ, ಕೇಕು ಎಲ್ಲವನ್ನೂ ತಿನ್ನುತ್ತದೆ. ಕರಿಬೇವಿನ ಹುಳುವಿಗೆ ಕರಿಬೇವು, ನಿಂಬೆ ಜಾತಿಯ ಎಲೆಯೇ ಆಗಬೇಕು. ಮೊದಲು ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ, ದೊಡ್ಡದಾದಂತೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕೋಡಿನಂಥದ್ದನ್ನು ಹೊರಚಾಚಿ ಘಾಟು ಬಿಡುತ್ತದೆ. ಪುಸ್ತಕಕ್ಕೂ ಗಿಡಕ್ಕೂ ಎಲ್ಲಿ ತಾಳೆಯಾಗುವುದಿಲ್ಲ ಎಂದು ಮಕ್ಕಳೇ ಪಟ್ಟಿ ಮಾಡುತ್ತಾರೆ. ಒಗ್ಗರಣೆಗೆ ಎರಡು ಎಲೆ ಕಡಿಮೆ ಬಿದ್ದೀತು. ಔಷಧಿ ಮಾತ್ರ ಹೊಡೆಯಬೇಡಿ.