ಇಥಿಯೋಪಿಯಾಕ್ಕೆ ಹೊರಟವರ ಹಳದಿ ಪುಸ್ತಿಕೆ

ಅರೇಬಿಕಾ ಕಾಫಿಯ ತವರನ್ನು ಕಣ್ಣಾರೆ ಕಾಣಬೇಕೆಂದು ಇಥಿಯೋಪಿಯಾಕ್ಕೆ ಹೊರಟಿದ್ದ ಗೋಣಿಕೊಪ್ಪದ ಬೆಳೆಗಾರರೊಬ್ಬರು, ಟಿಕೆಟ್ಟು, ವೀಸಾ ಎಲ್ಲ ಮುಗಿದು ಪ್ರಯಾಣಕ್ಕೆ ಆರೇ ದಿನ ಉಳಿದಿರುವಾಗ ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಲಸಿಕೆಯ ವಿಚಾರ ಎತ್ತಿದರು. ಈ ಲಸಿಕೆಯ ಪ್ರಮಾಣಪತ್ರ ಮಾನ್ಯವಾಗುವುದು ಚುಚ್ಚಿಸಿಕೊಂಡ 10 ದಿನಗಳ ಮೇಲೆ, ಏಕೆಂದರೆ ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ವಿರುದ್ಧ ಸಾಕಷ್ಟು ಪ್ರತಿಕಾಯಗಳು ಹುಟ್ಟಲು ದೇಹಕ್ಕೆ ಅಷ್ಟು ಕಾಲ ಬೇಕು. ಭಾರತಕ್ಕೆ ಮರಳುವ ಹೊತ್ತಿಗೆ ಅವರ ಕಾಗದವೇನೋ ಸರಿಯಿರುತ್ತಿತ್ತು; ಆದರೆ ಅಲ್ಲಿ ಕಳೆಯುವ ಮೊದಲ ದಿನಗಳಲ್ಲಿ ಮೈಗೆ ರಕ್ಷಣೆ ಇರುತ್ತಿರಲಿಲ್ಲ.

ಬೆಟ್ಟದ ಊರಿನಲ್ಲಿ ಸೊಳ್ಳೆಯ ಭಯವೇಕೆ ಎಂಬುದು ಮಡಿಕೇರಿಯ ಚಳಿ ಬಲ್ಲವರಿಗೆ ಸಹಜವಾಗಿ ಬರುವ ಪ್ರಶ್ನೆ. ಸಮುದ್ರಮಟ್ಟದಿಂದ 2,300 ಮೀಟರಿಗಿಂತ ಮೇಲೆ ಹಳದಿ ಜ್ವರದ ಅಪಾಯವಿಲ್ಲವೆಂದು ಪರಿಗಣಿಸುವುದು ನಿಜವಾದರೂ, ಕಾಫಿ ಬೆಳೆಯುವ ನೈಋತ್ಯ ಇಥಿಯೋಪಿಯಾದ ಕಾಡು ಅದಕ್ಕಿಂತ ತಗ್ಗಿನಲ್ಲಿದೆ. ಕಾಫಿಗೆ ಒಗ್ಗುವ ಹವೆ ಸೊಳ್ಳೆಗೂ ಒಗ್ಗುತ್ತದೆ.

ವಿಜ್ಞಾನಿ ಮ್ಯಾಕ್ಸ್ ಥೈಲರ್ ತಂಡ 1937ರಲ್ಲಿ ರೂಪಿಸಿದ 17ಡಿ ತಳಿಯ ವೈರಸ್ಸೇ ಇಂದಿನ ಲಸಿಕೆಗೂ ಮೂಲ. ಅದನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುವುದರಿಂದ ಮೊಟ್ಟೆಯ ತೀವ್ರ ಅಲರ್ಜಿ ಇರುವವರು ಮೊದಲು ವೈದ್ಯರಲ್ಲಿ ವಿಚಾರಿಸಬೇಕು; ರೋಗನಿರೋಧಕ ಶಕ್ತಿ ಕುಗ್ಗಿದವರು, 60 ವರ್ಷ ದಾಟಿದವರೂ ಹಾಗೆಯೇ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಲಸಿಕೆ ಸಿಗುತ್ತದೆ. ಪ್ರಮಾಣಪತ್ರವಾಗಿ ಕೊಡುವ ಹಳದಿ ಪುಸ್ತಿಕೆಯಲ್ಲಿ ತಾರೀಖು, ಲಸಿಕೆಯ ಬ್ಯಾಚ್ ಸಂಖ್ಯೆ, ಸಹಿ, ಮೊಹರು ಇವಿಷ್ಟನ್ನೂ ಅಲ್ಲಿಯೇ ನೋಡಿಕೊಳ್ಳುವುದು ಲೇಸು. 2016ರಿಂದ ಒಂದು ಚುಚ್ಚು ಜೀವನಪರ್ಯಂತ ಮಾನ್ಯ.

ಭಾರತದ ಅಧಿಕಾರಿಗಳು ಈ ಪುಸ್ತಿಕೆಗಾಗಿ ಇಷ್ಟು ಪಟ್ಟು ಹಿಡಿಯುವುದು ಪ್ರಯಾಣಿಕನೊಬ್ಬನ ಸಲುವಾಗಿ ಅಲ್ಲ. ನಮ್ಮಲ್ಲಿ ಹಳದಿ ಜ್ವರವಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಈಜಿಪ್ಟೈ ಸೊಳ್ಳೆ ಧಾರಾಳವಾಗಿದೆ. ಡೆಂಗಿ ತರುವುದೂ ಅದೇ. ಲೈನ್‌ಮನೆಯ ಹಿಂದೆ ಬಿದ್ದ ಹಳೆಯ ಟಯರಿನೊಳಗಿನ ಒಂದು ಬೊಗಸೆ ಮಳೆನೀರು ಅದರ ಮರಿಗಳಿಗೆ ಸಾಕು. ಪ್ರಮಾಣಪತ್ರವಿಲ್ಲದೆ ರೋಗವಿರುವ ದೇಶದಿಂದ ಬಂದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವುದೂ, ಸೋಂಕು ತಗುಲಿದ ಮೇಲೆ ಜ್ವರ ಕಾಣಿಸಿಕೊಳ್ಳಲು 3ರಿಂದ 6 ದಿನ ಹಿಡಿಯುವುದರಿಂದಲೇ.

ಮಲೇರಿಯಾದ ಕತೆ ಬೇರೆ. ಅದಕ್ಕೆ ಪ್ರಯಾಣಿಕರು ನೆಚ್ಚಬೇಕಾದದ್ದು ಸೊಳ್ಳೆಪರದೆ ಮತ್ತು ವೈದ್ಯರು ಬರೆದುಕೊಟ್ಟ ಮಾತ್ರೆ. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮುಂಚೆ ಆರಂಭಿಸಿ, ಮಲೇರಿಯಾ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ ನುಂಗಬೇಕು. ಮನೆ ಸೇರಿದೆವಲ್ಲ ಎಂದು ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಆಫ್ರಿಕಾದ ಫಾಲ್ಸಿಪಾರಮ್ ಎಂಬ ತೀವ್ರ ಬಗೆಯ ಮಲೇರಿಯಾ ವಾರಗಳ ನಂತರವೂ ತಲೆಯೆತ್ತಬಹುದು. ಕಕ್ಕಡ ತಿಂಗಳ ಮಳೆಯಲ್ಲಿ ಮೈ ಬಿಸಿಯಾದರೆ ಮಳೆಗಾಲದ ಜ್ವರವೆಂದು ಕಷಾಯ ಕುಡಿದು ಮಲಗುವುದು ನಮ್ಮ ರೂಢಿ. ಹೋಗಿಬಂದ ದೇಶದ ಹೆಸರನ್ನು ರೋಗಿ ಹೇಳದಿದ್ದರೆ, ಅಂದೇ ಆಗಬೇಕಾದ ರಕ್ತಪರೀಕ್ಷೆಯನ್ನು ಬರೆಯಲು ವೈದ್ಯರಿಗೂ ಹೊಳೆಯಲಿಕ್ಕಿಲ್ಲ.